ಅಲುಗುವ ಮುಂಚಿನ ಹಿಡಿತ

ಗೋಡೆ ಪಕ್ಕದ ಕಬ್ಬಿಣದ ಬೀರುವನ್ನು ಒಂದೇ ಬೆರಳಲ್ಲಿ ತಳ್ಳಿ ನೋಡಿ. ಅಲ್ಲಾಡುವುದಿಲ್ಲ. ಅಂಗೈ ಊರಿ ತಳ್ಳಿ, ಆಗಲೂ ಇಲ್ಲ. ಬೆರಳು ಎಷ್ಟು ತಳ್ಳಿತೋ ನೆಲವೂ ಅಷ್ಟೇ ತಡೆಯಿತು. ಅಂಗೈ ಎಷ್ಟು ತಳ್ಳಿತೋ ಅಷ್ಟೇ ತಡೆಯಿತು. ಗ್ರಾಂ ತೂಕದಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹೆಚ್ಚಾಗಿದ್ದರೆ ಬೀರು ನಿಮ್ಮ ಮೈಮೇಲೇ ಬರಬೇಕಿತ್ತು. ಕಮ್ಮಿಯಾಗಿದ್ದರೆ ಆಚೆ ಸರಿಯಬೇಕಿತ್ತು. ಎರಡೂ ಆಗಲಿಲ್ಲ. ಕೈ ತೆಗೆದ ಕ್ಷಣ ಆ ತಡೆಯೂ ಪೂರ್ತಿ ಸೊನ್ನೆ.

ನಾನು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಘರ್ಷಣೆಯ ಅಧ್ಯಾಯ ಮುಗಿದು ಉತ್ತರಪತ್ರಿಕೆಗಳು ಕೈಗೆ ಬಂದಾಗ ಪ್ರತಿ ವರ್ಷವೂ ಒಂದೇ ಸಂಕಟ. ಘರ್ಷಣಾ ಬಲ ಎಂದರೆ ಗುಣಾಂಕವನ್ನು (ಎರಡು ಮೈಗಳ ನಡುವಿನ ಹಿಡಿತ ಎಷ್ಟೆಂದು ಹೇಳುವ ಸಂಖ್ಯೆ) ಲಂಬ ಬಲದಿಂದ (ಒಂದು ಮೈ ಇನ್ನೊಂದನ್ನು ಒತ್ತುವ ಬಲ) ಗುಣಿಸಿದಷ್ಟು ಎಂದು ಬಹುತೇಕ ಎಲ್ಲರೂ ಬರೆದಿರುತ್ತಾರೆ. ಜಾರುತ್ತಿರುವ ವಸ್ತುವಿಗೆ ಅದು ಸರಿ. ನಿಂತಿರುವ ವಸ್ತುವಿಗೆ ಅಲ್ಲ. ನಿಂತಿರುವಾಗ ಆ ಗುಣಲಬ್ಧ ಮೇಲಿನ ಮಿತಿ ಮಾತ್ರ. ಘರ್ಷಣೆ ಸೊನ್ನೆಯಿಂದ ಆ ಮಿತಿಯವರೆಗೆ ಎಷ್ಟು ಬೇಕಾದರೂ ಇರಬಹುದು. ಎಷ್ಟು ಎನ್ನುವುದನ್ನು ತಳ್ಳುವವರು ತೀರ್ಮಾನಿಸುತ್ತಾರೆ. ‘ಅಷ್ಟೇ ಅಥವಾ ಅದಕ್ಕಿಂತ ಕಮ್ಮಿ’ ಎಂದು ಹೇಳುವ ಚಿಹ್ನೆಯ ಜಾಗದಲ್ಲಿ ಬರಿಯ ಸಮ ಚಿಹ್ನೆ ಬಿದ್ದರೆ, ನನ್ನ ಮಟ್ಟಿಗೆ, ಇಡೀ ಪಾಠವೇ ಕೈಬಿಟ್ಟು ಹೋದಂತೆ. ಯಾಕೆಂದರೆ ನಾವು ದಿನವಿಡೀ ಬದುಕುವುದು ಆ ‘ಕಮ್ಮಿ’ ಎನ್ನುವ ಜಾಗದಲ್ಲೇ. ಮಿತಿಯ ಹತ್ತಿರ ಹೋಗುವುದು ಅಪರೂಪ, ದಾಟುವುದು ಇನ್ನೂ ಅಪರೂಪ.

ಮಿತಿ ದಾಟಿದಾಗ ಏನಾಗುತ್ತದೆ ಎಂದು ಬೀರುವಿನಲ್ಲೇ ಲೆಕ್ಕ ಹಾಕೋಣ. ಬೀರು 80 ಕೆಜಿ, ನಿಂತಾಗಿನ ಗುಣಾಂಕ 0.5, ಜಾರುವಾಗಿನದು 0.4 ಎಂದಿಟ್ಟುಕೊಳ್ಳಿ. 40 ಕೆಜಿ ತೂಕದಷ್ಟು ಬಲ ಬೀಳುವವರೆಗೂ ಬೀರು ನಿಂತಲ್ಲೇ ನಿಲ್ಲುತ್ತದೆ. ಅದಕ್ಕಿಂತ ಒಂಚೂರು ಹೆಚ್ಚಾಯಿತೋ, ಸರಿಯಿತು. ಸರಿದ ಕೂಡಲೇ ನೆಲದ ತಡೆ 40ರಿಂದ 32ಕ್ಕೆ ಇಳಿಯಿತು. ನಿಮ್ಮ ತೋಳುಗಳು ಮಾತ್ರ ಇನ್ನೂ 40ರಲ್ಲೇ ತಳ್ಳುತ್ತಿವೆ. ಮಿಕ್ಕ 8 ಕೆಜಿ ತೂಕದಷ್ಟು ಬಲ ಎಲ್ಲಿ ಹೋಗಬೇಕು? ಪ್ರತಿ ಸೆಕೆಂಡು ಕಳೆದಂತೆ ಬೀರುವಿನ ವೇಗವನ್ನು ಸೆಕೆಂಡಿಗೆ ಹತ್ತಿರಹತ್ತಿರ 1 ಮೀಟರಿನಷ್ಟು ಏರಿಸುತ್ತದೆ. ಮನೆ ಬದಲಾಯಿಸುವಾಗ ಅಷ್ಟು ಹೊತ್ತು ಮೊಂಡಾಗಿ ನಿಂತ ಬೀರು ದಿಢೀರನೆ ನುಗ್ಗಿ, ತಳ್ಳುವವರು ಮುಗ್ಗರಿಸುವುದು ಇದರಿಂದಲೇ. ಮುಂದುಗಡೆ ಹಿಡಿದವರ ಬೆರಳು ಗೋಡೆಗೆ ಸಿಕ್ಕಿ ಜಜ್ಜುವುದೂ ಆ ಒಂದು ಕ್ಷಣದಲ್ಲೇ.

ನಿಂತಾಗಿನ ಮತ್ತು ಜಾರುವಾಗಿನ ಘರ್ಷಣೆಗಳ ಅಂತರವನ್ನು ಶ್ರದ್ಧೆಯಿಂದ ಅಳೆದವರಲ್ಲಿ ಫ್ರಾನ್ಸಿನ ಕೂಲಂಬ್ ದೊಡ್ಡವನು. ವಿದ್ಯುದಾವೇಶಗಳ ನಿಯಮಕ್ಕೆ ಹೆಸರಾದವನೇ ಇವನು, ಆದರೆ ಓದಿದ್ದು ಸೇನೆಯ ಎಂಜಿನಿಯರಿಂಗ್. ಹಡಗು ಕಟ್ಟುವ ರೋಶ್‌ಫೋರ್ ಊರಿನಲ್ಲಿ ಮರ, ಲೋಹ, ಹಗ್ಗಗಳ ಮೇಲೆ ಪ್ರಯೋಗ ಮಾಡಿದ. 1781ರಲ್ಲಿ ಅದಕ್ಕೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಬಂತು, 1785ರಲ್ಲಿ ಪ್ರಬಂಧ ಅಚ್ಚಾಯಿತು. ಅವನಿಗಿಂತ ಮೊದಲೇ, 1699ರಲ್ಲಿ, ಅಮೊಂತೋಂ ಎಂಬಾತ ಘರ್ಷಣೆ ತೂಕಕ್ಕೆ ತಕ್ಕಂತೆ ಏರುತ್ತದೆ, ಮುಟ್ಟುವ ಮೈಯ ಅಗಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದಿದ್ದ. ಕೂಲಂಬ್ ಕಂಡ ಒಂದು ವಿಷಯ ನನಗೆ ಬಲು ಇಷ್ಟ. ಮರದ ಮೇಲೆ ಮರ ಇಟ್ಟು ಹೆಚ್ಚು ಹೊತ್ತು ಬಿಟ್ಟಷ್ಟೂ ಅದನ್ನು ಅಲುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಈಗಷ್ಟೇ ಇಟ್ಟದ್ದು ಸುಲಭಕ್ಕೆ ಸರಿಯುತ್ತದೆ, ಬಹಳ ಹೊತ್ತು ಕೂತದ್ದು ಹಟ ಹಿಡಿಯುತ್ತದೆ. ನಿಲ್ಲುವುದು ಎಂದರೆ ಏನೂ ನಡೆಯದೆ ಇರುವುದಲ್ಲ, ಅಲ್ಲಿ ಏನೋ ನಿಧಾನಕ್ಕೆ ಬೆಳೆಯುತ್ತಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಏನು ಬೆಳೆಯುತ್ತದೆ ಎಂದು ಸ್ಪಷ್ಟವಾದದ್ದು ಇಪ್ಪತ್ತನೇ ಶತಮಾನದಲ್ಲಿ, ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳ ಕೆಲಸದಿಂದ. ಎಷ್ಟೇ ಪಾಲಿಶ್ ಮಾಡಿದ ಕಲ್ಲಾಗಲಿ, ಕಬ್ಬಿಣವಾಗಲಿ, ಹತ್ತಿರದಿಂದ ನೋಡಿದರೆ ನಮ್ಮ ನಂದಿ, ಸ್ಕಂದಗಿರಿ, ಚನ್ನಗಿರಿ ಬೆಟ್ಟಗಳ ಸಾಲಿನ ಹಾಗೆ ಏರುತಗ್ಗು. ಒಂದರ ಮೇಲೊಂದು ಇಟ್ಟಾಗ ಮುಟ್ಟುವುದು ತುದಿಗೆ ತುದಿ ಮಾತ್ರ. ಮೆದು ಉಕ್ಕು ಒಂದು ಚದರ ಮಿಲಿಮೀಟರಿಗೆ ಸುಮಾರು 120 ಕೆಜಿ ತೂಕ ಬೀಳುವ ಹೊತ್ತಿಗೆ ಚಪ್ಪಟೆಯಾಗುತ್ತದೆ. ಅಂದರೆ 80 ಕೆಜಿಯ ಬೀರು ಗಟ್ಟಿ ಕಲ್ಲಿನ ನೆಲದ ಮೇಲೆ ನಿಂತಾಗ ಅದರ ಕಾಲುಗಳ ತುದಿಗಳು ಜಜ್ಜಿಕೊಂಡು, ನಾಲ್ಕೂ ಕಾಲು ಸೇರಿ ನಿಜವಾಗಿ ನೆಲ ಮುಟ್ಟುವ ಜಾಗ ಒಂದು ಚದರ ಮಿಲಿಮೀಟರೂ ಇರಬೇಕಿಲ್ಲ. ಸಾಸಿವೆ ಕಾಳು ಕೂರುವಷ್ಟು ಜಾಗ! ತೂಕ ಇಮ್ಮಡಿಯಾದರೆ ಆ ಜಾಗವೂ ಇಮ್ಮಡಿಯಾಗುತ್ತದೆ. ಕಾಲು ಅಗಲ ಮಾಡಿದರೆ ಮುಟ್ಟುವ ತುದಿಗಳು ಹೆಚ್ಚುತ್ತವೆ, ಆದರೆ ಒಂದೊಂದರ ಮೇಲೆ ಬೀಳುವ ಭಾರ ಕಮ್ಮಿಯಾಗಿ ಒಟ್ಟು ಜಾಗ ಅಷ್ಟೇ ಉಳಿಯುತ್ತದೆ. ಅಮೊಂತೋಂ ಹೇಳಿದ್ದಕ್ಕೆ ಕಾರಣ ಇಷ್ಟು. ಇನ್ನು ಹೊತ್ತು ಕಳೆದಂತೆ ಆ ತುದಿಗಳು ಇನ್ನಷ್ಟು ಕುಸಿದು, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಜಾರುವಾಗ ಬೆಸುಗೆ ಬಲಿಯುವಷ್ಟು ಹೊತ್ತು ಯಾವ ಜೋಡಿಗೂ ಸಿಗುವುದಿಲ್ಲ. ಜಾರು ಘರ್ಷಣೆ ಕಮ್ಮಿ ಇರುವುದಕ್ಕೆ ಒಂದು ಮುಖ್ಯ ಕಾರಣ ಇದೇ.

ನಂದಿ ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಶಿವರಾತ್ರಿ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೇರು ಹೊರಡುವ ಗಳಿಗೆಯೇ ಕಷ್ಟದ್ದು. ಹಗ್ಗ ಹಿಡಿದ ಜನ ಒಟ್ಟಿಗೆ ಜಗ್ಗುತ್ತಾರೆ, ಹಗ್ಗ ಬಿಗಿಯಾಗಿ ನೆಟ್ಟಗಾಗುತ್ತದೆ, ತೇರು ಮಿಸುಕುವುದಿಲ್ಲ. ನಮ್ಮ ಕಡೆ ತೇರುಗಳಿಗೆ ಇಂಥ ಹೊತ್ತಿನಲ್ಲಿ ಹಿಂದಿನ ಚಕ್ರಕ್ಕೆ ಸನ್ನೆ ಹಾಕಿ ಮೀಟುತ್ತಾರೆ. ಅಚ್ಚು ಮತ್ತು ಅದು ತೂರುವ ಚಕ್ರದ ನಡುಭಾಗವಾದ ಗುಂಬದ ನಡುವೆ ತಿಂಗಳುಗಟ್ಟಲೆ ಕೂತ ಹಿಡಿತ ಒಂದು ಕಡೆ, ಭಾರಕ್ಕೆ ನೆಲದಲ್ಲಿ ತುಸು ಇಳಿದು ಕೂತ ಚಕ್ರ ಇನ್ನೊಂದು ಕಡೆ. ಎರಡನ್ನೂ ಒಮ್ಮೆ ಬಿಡಿಸಬೇಕು. ಬಿಟ್ಟಿತೋ, ಅದೇ ಜನ, ಅದೇ ಹಗ್ಗ, ತೇರು ಓಡಲು ನೋಡುತ್ತದೆ. ಆಗ ಮರದ ದಪ್ಪ ತುಂಡು ಹಿಡಿದವರ ಸರದಿ. ಚಕ್ರದ ಮುಂದೆ ಅದನ್ನು ಕೊಡುತ್ತಾರೆ. ಚಕ್ರ ಅದರ ಮೇಲೇರಿದರೆ ಆ ತುಂಡು ನೆಲಕ್ಕೆ ಉಜ್ಜುತ್ತಾ ಜಾರಬೇಕಾಗುತ್ತದೆ. ಉರುಳುತ್ತಿದ್ದದ್ದು ಜಾರುವಂತಾಗಿ ತಡೆ ಎಷ್ಟೋ ಪಟ್ಟು ಏರುತ್ತದೆ. ಯಾವ ಪಕ್ಕದ ಚಕ್ರಕ್ಕೆ ಎಷ್ಟು ಕೊಟ್ಟರೆ ತೇರು ಯಾವ ಕಡೆ ತಿರುಗುತ್ತದೆ ಎಂಬುದು ಆ ಜನಕ್ಕೆ ಕೈಯಲ್ಲೇ ಇರುವ ವಿದ್ಯೆ. ಓಡುವ ತೇರಿನ ಚಕ್ರದ ಪಕ್ಕದಲ್ಲೇ ಬಗ್ಗಿ ಮಾಡುವ ಆ ಕೆಲಸ ಎಷ್ಟು ಅಪಾಯದ್ದು ಎಂದು ನೆನೆದರೆ ನನಗೆ ಪ್ರತಿ ಸಲವೂ ಎದೆ ಝಲ್ಲೆನ್ನುತ್ತದೆ.

ಉರುಳುವ ಚಕ್ರದ ಬಗ್ಗೆ ಮಕ್ಕಳು ಸುಲಭಕ್ಕೆ ನಂಬದ ಮಾತೊಂದಿದೆ. ಬೈಕು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೂ ಟೈರಿನ ಯಾವ ಭಾಗ ರಸ್ತೆಯನ್ನು ಮುಟ್ಟಿದೆಯೋ ಅದು ಆ ಕ್ಷಣಕ್ಕೆ ರಸ್ತೆಯ ಮೇಲೆ ನಿಂತಿರುತ್ತದೆ. ಚಕ್ರದ ಕೆಳತುದಿ ಹಿಂದಕ್ಕೆ ತಿರುಗುವ ವೇಗವೂ ಬೈಕು ಮುಂದಕ್ಕೆ ಹೋಗುವ ವೇಗವೂ ಸಮನಾಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಹಾಗಾಗಿ ಓಡುವ ಗಾಡಿಯನ್ನು ಮುಂದಕ್ಕೆ ನೂಕುವುದು, ತಿರುವಿನಲ್ಲಿ ಒಳಕ್ಕೆ ಎಳೆಯುವುದು, ಹದವಾಗಿ ಬ್ರೇಕ್ ಹಿಡಿದಾಗ ನಿಲ್ಲಿಸುವುದು, ಎಲ್ಲವೂ ನಿಂತ ವಸ್ತುವಿನ ಘರ್ಷಣೆ, ಅಂದರೆ ಸ್ಥಾಯಿ ಘರ್ಷಣೆ. ನಡೆಯುವಾಗಲೂ ಹೀಗೆಯೇ. ಊರಿದ ಪಾದ ನಿಂತಿರುತ್ತದೆ, ಅದರ ಮೇಲೆ ಮೈ ಮುಂದಕ್ಕೆ ಹೋಗುತ್ತದೆ. ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ ಎಂದು ಚಿಕ್ಕ ತರಗತಿಯಿಂದ ಉರು ಹೊಡೆದು ಬಂದ ಮಕ್ಕಳು, ನಮ್ಮನ್ನು ಮುಂದಕ್ಕೆ ನಡೆಸುವುದೇ ಘರ್ಷಣೆ ಎಂದಾಗ ಗಲಿಬಿಲಿಯಾಗುತ್ತಾರೆ. ಅದು ವಿರೋಧಿಸುವುದು ಮೈಗೆ ಮೈ ಜಾರುವುದನ್ನು, ಚಲನೆಯನ್ನಲ್ಲ. ಘರ್ಷಣೆಯ ಅನುಕೂಲ, ಅನಾನುಕೂಲ ಎಂದು ಎರಡು ಪಟ್ಟಿ ಬರೆಸುವ ಪದ್ಧತಿಯನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಕಾಲೂರಲು ನೆಲವಿರುವುದನ್ನು ಅನುಕೂಲ ಎಂದು ಪಟ್ಟಿಗೆ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಂದಿ ಬೆಟ್ಟದಿಂದ ಇಳಿಯುವ ರಸ್ತೆಗೆ ಬನ್ನಿ. ಭಾನುವಾರ ಸೂರ್ಯೋದಯ ನೋಡಿ ಸಾಲುಸಾಲಾಗಿ ಬೈಕುಗಳು ಇಳಿಯುತ್ತವೆ. ಮಂಜಿಗೆ ರಸ್ತೆ ಒದ್ದೆ, ತಿರುವುಗಳ ಅಂಚಿನಲ್ಲಿ ಸಣ್ಣ ಜಲ್ಲಿ, ಮರಳು. ಹೆದರಿ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಚಕ್ರ ತಿರುಗುವುದು ನಿಂತು ಟೈರು ಜಾರತೊಡಗುತ್ತದೆ. ಆಗ ಎರಡು ನಷ್ಟ. ಮೊದಲನೆಯದನ್ನು ಲೆಕ್ಕ ಹಾಕಬಹುದು. ಒಣ ರಸ್ತೆಯಲ್ಲಿ ಹಿಡಿತದ ಗುಣಾಂಕ 0.9, ಜಾರುವಾಗ 0.7 ಎಂದುಕೊಂಡರೆ, ಎರಡೂ ಚಕ್ರ ಹಿಡಿತದಲ್ಲೇ ಇದ್ದಾಗ 60 ಕಿಲೋಮೀಟರ್ ವೇಗದ ಗಾಡಿ ನಿಲ್ಲಲು ಸುಮಾರು 16 ಮೀಟರ್ ಬೇಕು, ಜಾರಿಕೊಂಡು ನಿಲ್ಲಲು 20 ಮೀಟರ್.

ಎರಡನೆಯ ನಷ್ಟ ಇದಕ್ಕಿಂತ ದೊಡ್ಡದು. ಸ್ಥಾಯಿ ಘರ್ಷಣೆಗೆ ಇಂಥದ್ದೇ ದಿಕ್ಕು ಎಂಬುದಿಲ್ಲ. ಮಿತಿಯೊಳಗೆ ಯಾವ ಕಡೆಗೆ ಕೇಳಿದರೆ ಆ ಕಡೆಗೆ ಕೊಡುತ್ತದೆ, ಸ್ವಲ್ಪ ಹಿಂದಕ್ಕೆ ಎಳೆದು ಸ್ವಲ್ಪ ಪಕ್ಕಕ್ಕೂ ಎಳೆಯಬಲ್ಲದು. ಬ್ರೇಕ್ ಹಿಡಿದುಕೊಂಡೇ ತಿರುವಿನಲ್ಲಿ ತಿರುಗಲು ಆಗುವುದು ಅದರಿಂದ. ಜಾರು ಘರ್ಷಣೆಗೆ ಒಂದೇ ದಿಕ್ಕು, ಟೈರು ಯಾವ ಕಡೆ ಜಾರುತ್ತಿದೆಯೋ ಅದಕ್ಕೆ ನೇರ ಎದುರು. ಪಕ್ಕಕ್ಕೆ ಕೊಡಲು ಅದರಲ್ಲಿ ಏನೂ ಮಿಗುವುದಿಲ್ಲ. ಮುಂದಿನ ಚಕ್ರ ಜಾರಿದರೆ ಹ್ಯಾಂಡಲ್ ಯಾವ ಕಡೆ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೇರ ಹೋಗುತ್ತದೆ, ಹಿಂದಿನದು ಜಾರಿದರೆ ಗಾಡಿಯ ಬಾಲ ಪಕ್ಕಕ್ಕೆ ಹೊರಡುತ್ತದೆ. ತಿರುವಿನಲ್ಲಿ ಬಿದ್ದ ಹುಡುಗರು ‘ಬ್ರೇಕ್ ಹಿಡಿಯಲೇ ಇಲ್ಲ ಸಾರ್’ ಎನ್ನುತ್ತಾರೆ. ಹಿಡಿಯಿತು, ಚಕ್ರವನ್ನು ಪೂರ್ತಿ ಹಿಡಿಯಿತು. ಬಿಟ್ಟದ್ದು ರಸ್ತೆ.

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಎಂಬ ಸಾಧನ ಮಾಡುವುದೆಲ್ಲ ಇಷ್ಟೇ. ಚಕ್ರ ಲಾಕ್ ಆಗುವ ಸೂಚನೆ ಸಿಕ್ಕ ಕೂಡಲೇ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಒಂದೇ ಸೆಕೆಂಡಿನಲ್ಲಿ ಹಲವು ಸಲ. ಟೈರನ್ನು ಮಿತಿಯ ಆಸುಪಾಸಿನಲ್ಲೇ ಇಟ್ಟು ಪೂರ್ತಿ ಜಾರಲು ಬಿಡುವುದಿಲ್ಲ. 1978ರಲ್ಲಿ ಬಾಷ್ ತಯಾರಿಸಿದ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಅದಿಲ್ಲದ ಗಾಡಿಯಲ್ಲಿ ಬೆಟ್ಟ ಇಳಿಯುವ ನನ್ನ ವಿದ್ಯಾರ್ಥಿಗಳಿಗೆ ಕೈಮುಗಿದು ಹೇಳುತ್ತೇನೆ: ಗೇರು ಇಳಿಸಿ, ತಿರುವಿಗೆ ಮುಂಚೆಯೇ ವೇಗ ಕಳೆದುಕೊಳ್ಳಿ, ಜಲ್ಲಿಯ ಮೇಲೆ ಬ್ರೇಕ್ ಮುಟ್ಟಬೇಡಿ.

ಸ್ಥಾಯಿ ಘರ್ಷಣೆಯನ್ನು ನಂಬಿ ದುಡಿಯುವವರನ್ನು ನೋಡಬೇಕಾದರೆ ಬೋರ್‌ವೆಲ್ ಮೋಟಾರು ಎತ್ತುವ ಕಡೆ ಹೋಗಿ ನಿಲ್ಲಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರು ಹೊಸದೇನಲ್ಲ. 20 ಅಡಿಯ ಎರಡಿಂಚಿನ ಕಬ್ಬಿಣದ ಪೈಪೊಂದು ಸುಮಾರು 30 ಕೆಜಿ. ಸಾವಿರ ಅಡಿಗೆ ಅಂಥ 50 ಪೈಪು. ಒಳಗಿನ ನೀರು, ಕೇಬಲ್ಲು, ಮೋಟಾರು ಬಿಟ್ಟು ಪೈಪಿನ ತೂಕವೇ ಒಂದೂವರೆ ಟನ್. ಅಷ್ಟನ್ನೂ ಒಂದು ಪೈಪಿನುದ್ದ ಮೇಲಕ್ಕೆತ್ತಿ, ಕೇಸಿಂಗಿನ (ಬೋರಿನ ಬಾಯಲ್ಲಿ ಇಳಿಸಿದ ಹೊರಪೈಪು) ಬಾಯಿಗೆ ಕ್ಲಾಂಪು ಕೂರಿಸಿ, ಅದರ ಮೇಲೆ ಇಡೀ ಸರವನ್ನು ನಿಲ್ಲಿಸಿ, ಮೇಲಿನ ಪೈಪನ್ನು ಬಿಚ್ಚುತ್ತಾರೆ. ಆ ಕೆಲವು ನಿಮಿಷ ಕೆಳಗಿನ ಅಷ್ಟೂ ಭಾರ ಎರಡು ಕಬ್ಬಿಣದ ಪಟ್ಟಿಗಳ ಹಿಡಿತದಲ್ಲಿ ನೇತಾಡುತ್ತಿರುತ್ತದೆ.

ನಮ್ಮ ನೆಂಟರ ತೋಟದಲ್ಲಿ ಈ ಕೆಲಸ ನಡೆಯುವಾಗ ನಾನು ಬೋರಿನ ಪಕ್ಕದಲ್ಲೇ ನಿಂತಿದ್ದೆ. ಪ್ರತಿ ಪೈಪು ಮೇಲೆ ಬಂದಾಗಲೂ ಒಬ್ಬರು ಗೋಣಿತಾಟಿನಲ್ಲಿ ಕ್ಲಾಂಪು ಕೂರುವ ಜಾಗವನ್ನು ಉಜ್ಜಿ ಒರೆಸುತ್ತಿದ್ದರು. ಅಲ್ಲಿ ತುಕ್ಕು, ಲೋಳೆ, ನೀರು ಅಂಟಿರುತ್ತದೆ. ಅದು ನಡುವೆ ಉಳಿದರೆ ಕಬ್ಬಿಣ ಕಬ್ಬಿಣವನ್ನು ಮುಟ್ಟುವುದಿಲ್ಲ, ಗುಣಾಂಕ ಇಳಿಯುತ್ತದೆ. ಒರೆಸಿದ ಮೇಲೆ ಎರಡೂ ಬೋಲ್ಟನ್ನು ಒಂದಾದಮೇಲೊಂದು, ಸ್ವಲ್ಪಸ್ವಲ್ಪವೇ ಬಿಗಿದರು. ಒಂದನ್ನೇ ಪೂರ್ತಿ ಬಿಗಿದರೆ ಪಟ್ಟಿ ಓರೆಯಾಗಿ ಒಂದು ಪಕ್ಕ ಮಾತ್ರ ಒತ್ತುತ್ತದೆಯಂತೆ. ಕ್ಲಾಂಪು ಕೂರಿಸಿದ್ದು ಪೈಪಿನ ಎಲ್ಲೆಂದರಲ್ಲಲ್ಲ, ಎರಡು ಪೈಪುಗಳನ್ನು ಜೋಡಿಸುವ ದಪ್ಪ ಬಳೆಯಂಥ ಸಾಕೆಟ್ಟಿನ ಕೆಳಗೇ.

‘ಅಷ್ಟು ಬಿಗಿದ ಮೇಲೆ ಸಾಕೆಟ್ಟಿನ ಕೆಳಗೇ ಯಾಕಣ್ಣ?’ ಎಂದೆ.

‘ಬಿಗಿತಾನೇ ಹಿಡೀತದೆ ಸಾರ್. ಆದ್ರೆ ಒಂದ್ಸಲ ಜಾರೋಕೆ ಶುರು ಮಾಡ್ತು ಅಂದ್ರೆ ಬಿಗಿ ಮೇಲೆ ನಂಬಿಕೆ ಇಡಂಗಿಲ್ಲ. ಆಗ ಸಾಕೆಟ್ಟು ಬಂದು ಕೂತ್ಕೋಬೇಕು.’

ತರಗತಿಯಲ್ಲಿ ನಾನು ಎರಡು ಪಿರಿಯಡ್ ತೆಗೆದುಕೊಳ್ಳುವ ವಿಷಯ ಇದು. ನಿಂತಿರುವಾಗ ಕ್ಲಾಂಪು ಒಂದೂವರೆ ಟನ್ನಿಗೆ ಒಂದೂವರೆ ಟನ್ನಿನಷ್ಟೇ ಕೊಡುತ್ತದೆ, ಅದರ ಮಿತಿ ಎರಡು ಟನ್ನೋ ಮೂರು ಟನ್ನೋ ಇರಲಿ. ಮಿತಿ ಭಾರಕ್ಕಿಂತ ಕೆಳಗಿಳಿದು ಪೈಪು ಜಾರಿತು ಎಂದರೆ ಹಿಡಿತ ಇನ್ನೂ ಇಳಿಯುತ್ತದೆ. ವೇಗ ಏರಿದರೂ ಜಾರು ಘರ್ಷಣೆ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ತಾನಾಗಿ ನಿಲ್ಲುವ ಮಾತೇ ಇಲ್ಲ, ಭಾರ ಕೆಳಕ್ಕೆ ಓಡುತ್ತಲೇ ಹೋಗುತ್ತದೆ. ನಡುವೆ ಸಾಕೆಟ್ಟು ಇಲ್ಲದಿದ್ದರೆ ಪೈಪು, ಮೋಟಾರು, ಬೋರು ಮೂರೂ ಹೋದವು. ಲಕ್ಷಗಟ್ಟಲೆ ಸಾಲ ಮಾಡಿ ಕೊರೆಸಿದ ರೈತನಿಗೆ ಅದು ಎಂಥ ಹೊಡೆತ ಎಂಬುದು ಈ ಸೀಮೆಯವರಿಗೆ ಗೊತ್ತು.

ಹಗ್ಗದ ಸುತ್ತು ಇನ್ನೊಂದು ಬೆರಗು. ಕಂಬಕ್ಕೆ ಹಗ್ಗ ಸುತ್ತಿ ಒಂದು ತುದಿಗೆ ಭಾರ ಬಿಟ್ಟರೆ, ಇನ್ನೊಂದು ತುದಿಯನ್ನು ಎಷ್ಟು ಬಲದಲ್ಲಿ ಹಿಡಿದರೆ ಸಾಕು? ಗುಣಾಂಕ 0.3 ಇದ್ದರೆ ಒಂದು ಸುತ್ತಿಗೆ ಹಿಡಿತ 6.6 ಪಟ್ಟು. ಎರಡು ಸುತ್ತಿಗೆ 13 ಅಲ್ಲ, 43 ಪಟ್ಟು. ಮೂರು ಸುತ್ತಿಗೆ 286. ಹದಿನೆಂಟನೇ ಶತಮಾನದ ಗಣಿತಜ್ಞ ಆಯ್ಲರ್ ಹೆಸರಿನ ಸೂತ್ರ ಇದಕ್ಕೆ ಇದೆ. ಬೆದರಿದ ಹೋರಿಯ ಹಗ್ಗವನ್ನು ಮರಕ್ಕೆ ಎರಡು ಸುತ್ತು ಹಾಕಿ ಹಿಡಿದುಕೊಳ್ಳುವ ಹುಡುಗನಿಗೆ ಸೂತ್ರ ಬೇಕಾಗಿಲ್ಲ, ಹೋರಿ ಅವನಿಗಿಂತ ಎಷ್ಟು ಬಲಶಾಲಿ ಎಂಬ ಚಿಂತೆಯೂ ಬೇಕಾಗಿಲ್ಲ.

ಆ ಹಗ್ಗ ತಾನೇ ಹೇಗೆ ಹಗ್ಗವಾಗಿ ಉಳಿದಿದೆ? ಅದೂ ಸ್ಥಾಯಿ ಘರ್ಷಣೆಯೇ. ಹತ್ತಿಯ ಎಳೆ ಎರಡು ಮೂರು ಸೆಂಟಿಮೀಟರ್ ಉದ್ದ. ಹೊಸೆದು ತಿರುಚಿದಾಗ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಜಗ್ಗಿದಷ್ಟೂ ಒತ್ತಡ ಏರುತ್ತದೆ, ಹಿಡಿತವೂ ಏರುತ್ತದೆ. ಗಿಡ್ಡ ನಾರುಗಳ ಹಗ್ಗ ಇಷ್ಟು ಗಟ್ಟಿ ಹೇಗೆ ಎಂದು ಗೆಲಿಲಿಯೊ 1638ರಲ್ಲೇ ಬರೆದಿದ್ದ. ನಮ್ಮ ಶಿಡ್ಲಘಟ್ಟದ ರೇಷ್ಮೆಯ ಕಥೆ ಬೇರೆ. ಒಂದು ಗೂಡಿನ ಎಳೆ ನೂರಾರು ಮೀಟರ್ ಕಡಿಯದೆ ಬರುತ್ತದೆ, ನೂಲು ಬಿಚ್ಚುವಾಗ ಹಲವು ಎಳೆಗಳನ್ನು ಸೇರಿಸಿ ಅಂಟಿಸುವುದು ಗೂಡಿನದೇ ಅಂಟು. ಆದರೆ ಅದೇ ರೇಷ್ಮೆ ಸೀರೆಯಾಗಿ ಬಂದ ಮೇಲೆ ಸೊಂಟದಲ್ಲಿ ನೆರಿಗೆ ನಿಲ್ಲಬೇಕಲ್ಲ, ಅಲ್ಲಿ ಮತ್ತೆ ಘರ್ಷಣೆಯದೇ ಕಾರುಬಾರು. ಹೊಸ ರೇಷ್ಮೆ ಸೀರೆ ಜಾರುತ್ತದೆ ಎಂದು ಪಿನ್ನು ಹುಡುಕುವುದು ಗುಣಾಂಕ ಕಮ್ಮಿ ಇರುವುದರಿಂದ.

ಹಿಡಿತ, ಜಾರುವಿಕೆ ಎರಡೂ ಸರದಿಯಲ್ಲಿ ಬಂದರೆ ಸದ್ದು ಹುಟ್ಟುತ್ತದೆ. ಕಿರುಗುಟ್ಟುವ ಬಾಗಿಲು, ಬೋರ್ಡಿನ ಮೇಲೆ ಕಿರ್ರೆನ್ನುವ ಸೀಮೆಸುಣ್ಣ, ಪಿಟೀಲಿನ ಕಮಾನು, ಮೂರೂ ಒಂದೇ ಕುಲ. ಕಮಾನು ತಂತಿಯನ್ನು ಹಿಡಿದು ಎಳೆಯುತ್ತದೆ, ಮಿತಿ ದಾಟಿದಾಗ ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಮತ್ತೆ ಹಿಡಿತಕ್ಕೆ ಸಿಗುತ್ತದೆ. ಸೆಕೆಂಡಿಗೆ 300 ಕಂಪನದ ಸ್ವರವಾದರೆ ಇದು 300 ಸಲ. ಕಮಾನಿಗೆ ರಾಳ ಉಜ್ಜುವುದು ಎರಡು ಘರ್ಷಣೆಗಳ ಅಂತರ ಹೆಚ್ಚಿಸಲು, ಬಾಗಿಲಿಗೆ ಎಣ್ಣೆ ಬಿಡುವುದು ಅದನ್ನು ಕಮ್ಮಿ ಮಾಡಲು. ಟೆಫ್ಲಾನಿನಲ್ಲಿ ಈ ಎರಡು ಗುಣಾಂಕಗಳು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಅದು ತಡವರಿಸದೆ ಜಾರುತ್ತದೆ. ಭೂಕಂಪವೂ ಇದೇ ಬಗೆಯದು ಎಂದು ಬ್ರೇಸ್ ಮತ್ತು ಬೈರ್ಲೀ ಎಂಬ ಭೂವಿಜ್ಞಾನಿಗಳು 1966ರಲ್ಲಿ ಮುಂದಿಟ್ಟರು. ಬಿರುಕಿನ ಎರಡು ಬದಿಯ ಬಂಡೆಗಳು ವರ್ಷಗಟ್ಟಲೆ ಹಿಡಿದು ನಿಂತು, ಒಂದು ಕ್ಷಣದಲ್ಲಿ ಜಾರುತ್ತವೆ.

ಇದನ್ನೆಲ್ಲ ಮನೆಯಲ್ಲೇ ಅಳೆಯಬಹುದು. ಒಂದು ಹಲಗೆ, ಅದರ ಮೇಲೆ ಒಂದು ಪುಸ್ತಕ. ಹಲಗೆಯ ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ. ಪುಸ್ತಕ ಜಾರಲು ಹೊರಟ ಗಳಿಗೆಗೆ ಎತ್ತರವನ್ನೂ ನೆಲದ ಮೇಲಿನ ಉದ್ದವನ್ನೂ ಅಳೆದು ಭಾಗಿಸಿದರೆ ಸಿಗುವುದೇ ನಿಂತಾಗಿನ ಗುಣಾಂಕ. 60 ಸೆಂಟಿಮೀಟರಿಗೆ 30 ಬಂದರೆ 0.5. ಜಾರುವಾಗಿನದು ಬೇಕಾದರೆ ಅದಕ್ಕಿಂತ ಕಮ್ಮಿ ಎತ್ತರದಲ್ಲಿ ಹಿಡಿದು ಹಲಗೆಯನ್ನು ಬೆರಳಲ್ಲಿ ತಟ್ಟಿ. ತಟ್ಟಿದ ಮೇಲೆ ಪುಸ್ತಕ ನಿಲ್ಲದೆ, ವೇಗವೂ ಏರದೆ, ಒಂದೇ ಸಮನೆ ಇಳಿಯುವ ಎತ್ತರ ಸಿಗುವವರೆಗೂ ಬದಲಾಯಿಸುತ್ತಾ ಹೋಗಿ. ನಂತರ ಪುಸ್ತಕದ ಮೇಲೆ ಇನ್ನೊಂದು ಪುಸ್ತಕ ಹೇರಿ ಮತ್ತೆ ಎತ್ತಿ ನೋಡಿ. ಭಾರ ಹೆಚ್ಚಾಯಿತು, ಬೇಗ ಜಾರುತ್ತದೆ ಎನ್ನುವವರು ಅರ್ಧ ತರಗತಿ, ಒತ್ತಡ ಹೆಚ್ಚಾಯಿತು, ಜಾರುವುದೇ ಇಲ್ಲ ಎನ್ನುವವರು ಇನ್ನರ್ಧ. ಕೋನ ಮೊದಲಿನಷ್ಟೇ ಬರುತ್ತದೆ. ಪುಸ್ತಕದ ಜಾಗದಲ್ಲಿ ರಬ್ಬರಿನ ಚಪ್ಪಲಿ ಇಟ್ಟರೆ ಮಾತ್ರ ಈ ಲೆಕ್ಕ ಅಷ್ಟು ಸರಿಯಾಗಿ ಕೂರುವುದಿಲ್ಲ. ರಬ್ಬರು ಮೆತ್ತಗಿರುವುದರಿಂದ ಅದರ ತುದಿಗಳು ಕಬ್ಬಿಣದವುಗಳಂತೆ ಭಾರಕ್ಕೆ ತಕ್ಕಷ್ಟೇ ಚಪ್ಪಟೆಯಾಗುವುದಿಲ್ಲ, ಅಮೊಂತೋಂ ನಿಯಮ ಅಲ್ಲಿ ಸಡಿಲವಾಗುತ್ತದೆ. ಟೈರಿನ ಅಗಲಕ್ಕೆ ಬೆಲೆ ಬರುವುದು ಅಲ್ಲಿಂದಲೇ, ಆ ವಿಷಯಕ್ಕೆ ಬೇರೆಯದೇ ಒಂದು ಬರಹ ಬೇಕು.